ವಿಂಡೋಸ್ 10ರಿಂದ 11ಕ್ಕೆ ಹೋಗಬೇಕೇ? ಅಂಗಡಿ, ಪ್ರೆಸ್ಸು, ಸೊಸೈಟಿಯ ಕಂಪ್ಯೂಟರ್‌ಗಳಿಗೆ ಒಂದು ಮಾರ್ಗದರ್ಶಿ

ಹೊಸ ವಿಂಡೋಸ್ ಹಾಕಲು ಎರಡು ಗಂಟೆ ಸಾಕು. ತೊಂದರೆ ಶುರುವಾಗುವುದು ಮರುದಿನ. ಡಿಜಿಟಲ್ ಸಹಿಯ ಟೋಕನ್ (ಪೆನ್‌ಡ್ರೈವಿನಂಥ ಸಾಧನ) ಚುಚ್ಚಿದರೆ ಕಂಪ್ಯೂಟರ್ ಅದನ್ನು ಗುರುತಿಸುವುದಿಲ್ಲ. ಬಿಲ್ಲು ಅರ್ಧ ಕಾಗದದಲ್ಲಿ ನಿಲ್ಲುವ ಬದಲು ಇಡೀ ಕಾಗದ ಹೊರಗೆ ಬರುತ್ತದೆ. ಬ್ರಹ್ಮಕಲಶೋತ್ಸವದ ಆಮಂತ್ರಣದ ಹಳೆಯ ಫೈಲ್ ತೆರೆದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗುಡ್ಡೆ. ಹಾಗಾಗಿ ಹಾಕಿಸಬೇಕೋ ಬೇಡವೋ ಎಂಬ ಲೆಕ್ಕವನ್ನು ವಿಂಡೋಸ್ 11ರಲ್ಲಿ ಹೊಸತೇನಿದೆ ಎಂಬುದರಿಂದ ಆರಂಭಿಸಬೇಡಿ. ನಿಮ್ಮ ಕಂಪ್ಯೂಟರಿಗೆ ಏನೇನು ಜೋಡಿಸಿದ್ದೀರಿ, ಅದರಲ್ಲಿ ನಿಮ್ಮ ಯಾವ ಕೆಲಸ ನಡೆಯುತ್ತದೆ ಎಂಬುದರಿಂದ ಆರಂಭಿಸಿ.

ಆದರೆ ಸುಮ್ಮನೆ ಮುಂದೂಡುತ್ತಾ ಹೋಗುವ ಹಾಗೂ ಇಲ್ಲ. ವಿಂಡೋಸ್ 10ರ ಉಚಿತ ಭದ್ರತಾ ಅಪ್‌ಡೇಟ್‌ಗಳು 2025ರ ಅಕ್ಟೋಬರ್ 14ಕ್ಕೆ ನಿಂತವು. ಆಫೀಸ್ 2016 ಮತ್ತು 2019ಕ್ಕೂ ಅದೇ ದಿನ ಕೊನೆ. ಮನೆಬಳಕೆಯ ಕಂಪ್ಯೂಟರ್‌ಗಳಿಗೆ ಇಎಸ್‌ಯು ಎಂಬ ವಿಸ್ತರಣಾ ಯೋಜನೆಯಲ್ಲಿ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಕೊಡುವುದಾಗಿ ಮೈಕ್ರೋಸಾಫ್ಟ್ ಹೇಳಿದೆ. ನಿಂತ ಮರುದಿನವೇ ಕಂಪ್ಯೂಟರ್ ಕೆಟ್ಟುಹೋಗುವುದಿಲ್ಲ. ನಿಧಾನವಾಗಿ ಏನಾಗುತ್ತದೆ ಎಂಬುದನ್ನು ವಿಂಡೋಸ್ 7ರಲ್ಲಿ ಕಂಡಿದ್ದೇವೆ: 2020ರ ಜನವರಿಯಲ್ಲಿ ಅದರ ಬೆಂಬಲ ನಿಂತಿತು, 2023ರಲ್ಲಿ ಕ್ರೋಮ್ ಬ್ರೌಸರ್ 109ನೇ ಆವೃತ್ತಿಗೆ ನಿಂತುಬಿಟ್ಟಿತು. ಬ್ರೌಸರ್ ಹಳತಾದ ಮೇಲೆ ಬ್ಯಾಂಕಿನ ತಾಣ, ತೆರಿಗೆಯ ತಾಣ ಒಂದೊಂದಾಗಿ ತಕರಾರು ಮಾಡುತ್ತವೆ. ಅದಕ್ಕೂ ಮುಂಚೆಯೇ ಇರುವ ಅಪಾಯವೆಂದರೆ, ಪತ್ತೆಯಾದ ರಂಧ್ರಗಳು ಮುಚ್ಚದೆ ಉಳಿಯುವುದು. ಹಣದ ವ್ಯವಹಾರ, ಗ್ರಾಹಕರ ಆಧಾರ್ ಪ್ರತಿ, ಸದಸ್ಯರ ಠೇವಣಿ ಲೆಕ್ಕ ಇರುವ ಕಂಪ್ಯೂಟರನ್ನು ಹಾಗೆ ಬಿಟ್ಟು ಇಂಟರ್ನೆಟ್‌ಗೆ ಜೋಡಿಸುವುದು ತಪ್ಪು ಎಂಬುದೇ ನಮ್ಮ ಅಭಿಪ್ರಾಯ.

ಯಂತ್ರಕ್ಕೆ ಅರ್ಹತೆ ಇದೆಯೇ

ಮೊದಲು ಪ್ರೊಸೆಸರ್ ನೋಡಿ. ಸೆಟ್ಟಿಂಗ್ಸ್, ಸಿಸ್ಟಂ, ಅಬೌಟ್‌ಗೆ ಹೋದರೆ ಹೆಸರು ಕಾಣುತ್ತದೆ. ಇಂಟೆಲ್ ಆದರೆ ಐ3, ಐ5, ಐ7ರ ಮುಂದಿನ ಅಡ್ಡಗೆರೆಯ ನಂತರದ ಅಂಕಿ ಓದಿ. 7200 ಎಂದಿದ್ದರೆ ಏಳನೇ ತಲೆಮಾರು, ಆಗುವುದಿಲ್ಲ. 8250 ಎಂದಿದ್ದರೆ ಎಂಟನೆಯದು, ಆಗುತ್ತದೆ. 10210 ಎಂದಿದ್ದರೆ ಹತ್ತನೆಯದು. ಎಎಂಡಿಯಲ್ಲಿ ರೈಜನ್ 2000 ಸರಣಿಯಿಂದ ಮೇಲಿನವು ಎಂದು ಎಲ್ಲರೂ ಹೇಳುತ್ತಾರೆ, ಆದರೆ ಇಲ್ಲೊಂದು ಬಲೆ ಇದೆ. ಡೆಸ್ಕ್‌ಟಾಪ್‌ನ ರೈಜನ್ 5 2600 ಪಟ್ಟಿಯಲ್ಲಿದೆ. ಲ್ಯಾಪ್‌ಟಾಪ್‌ನ 2500ಯು, ಡೆಸ್ಕ್‌ಟಾಪ್‌ನ 2200ಜಿ ಮತ್ತು 2400ಜಿ ಹೆಸರಿನಲ್ಲಿ ಮಾತ್ರ 2000, ಒಳಗಿರುವುದು ಹಿಂದಿನ ವಿನ್ಯಾಸ, ಪಟ್ಟಿಯಲ್ಲಿಲ್ಲ. ಸಂಶಯವಿದ್ದರೆ ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ತಂತ್ರಾಂಶ ಓಡಿಸಿ, ಯಾವುದು ಕೊರತೆ ಎಂದು ಅದೇ ಹೇಳುತ್ತದೆ.

ಕಂಪನಿ ಹೇಳುವ ಕನಿಷ್ಠ ಮೆಮೊರಿ 4 ಜಿಬಿ, ಡಿಸ್ಕ್ 64 ಜಿಬಿ. ಅಷ್ಟರಲ್ಲಿ ಹಾಕಿದರೆ ಟ್ಯಾಲಿ, ಬ್ರೌಸರ್ ಎರಡೂ ತೆರೆದ ಕೂಡಲೇ ಯಂತ್ರ ಏದುಸಿರು ಬಿಡುತ್ತದೆ. 8 ಜಿಬಿ ಮೆಮೊರಿ ಮತ್ತು 256 ಜಿಬಿ ಎಸ್‌ಎಸ್‌ಡಿ ಇಲ್ಲದೆ ಕೆಲಸದ ಯಂತ್ರಕ್ಕೆ 11 ಹಾಕಿಸಬೇಡಿ. ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ ಮೊದಲ ಖರ್ಚು ಎಸ್‌ಎಸ್‌ಡಿಗೆ ಇರಲಿ, ಅದು 10ರಲ್ಲೇ ಉಳಿದರೂ ದಂಡವಾಗದ ಖರ್ಚು.

ಮೂರನೆಯದು ಟಿಪಿಎಂ 2.0, ಅಂದರೆ ಭದ್ರತೆಯ ಕೀಗಳನ್ನು ಕಾಯುವ ಚಿಪ್. ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ, ಬರುವ ಚೌಕದಲ್ಲಿ ಟಿ-ಪಿ-ಎಂ ಡಾಟ್ ಎಂ-ಎಸ್-ಸಿ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆಯಿರಿ. ‘ಟಿಪಿಎಂ ಇಲ್ಲ’ ಎಂದು ಬಂದರೆ ಗಾಬರಿ ಬೇಡ, ಚಿಪ್ ಕೊಳ್ಳಲು ಓಡಲೂ ಬೇಡ. ಎಂಟನೇ ತಲೆಮಾರಿನ ನಂತರದ ಯಂತ್ರಗಳಲ್ಲಿ ಅದು ಹೆಚ್ಚಾಗಿ ಪ್ರೊಸೆಸರ್‌ನ ಒಳಗೇ ಇರುತ್ತದೆ, ಬಯೋಸ್‌ನಲ್ಲಿ (ವಿಂಡೋಸ್‌ಗೂ ಮುಂಚೆ ಓಡುವ, ಬೋರ್ಡಿನೊಳಗಿನ ತಂತ್ರಾಂಶ) ಆಫ್ ಆಗಿರುತ್ತದೆ ಅಷ್ಟೆ. ಇಂಟೆಲ್ ಬೋರ್ಡ್‌ಗಳಲ್ಲಿ ಅದರ ಹೆಸರು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ. ಬಯೋಸ್ ತೆರೆಯಲು ಆನ್ ಮಾಡಿದ ಕೂಡಲೇ ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10, ಜೋಡಿಸಿದ ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಡಿಲೀಟ್ ಕೀ.

ಬಯೋಸ್ ಮುಟ್ಟುವ ಮುನ್ನ ಎರಡು ಎಚ್ಚರಿಕೆ. ಡಿಸ್ಕ್ ಬಿಟ್‌ಲಾಕರ್‌ನಿಂದ ಬೀಗ ಹಾಕಿಕೊಂಡಿದ್ದರೆ, ಬಯೋಸ್ ಬದಲಾದ ಕೂಡಲೇ ಅದು 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಕೀ ಇಲ್ಲದಿದ್ದರೆ ಡಿಸ್ಕ್‌ನಲ್ಲಿದ್ದುದೆಲ್ಲ ಹೋಯಿತೆಂದೇ ಲೆಕ್ಕ. ಲ್ಯಾಪ್‌ಟಾಪ್ ಕೊಂಡಾಗ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿದ್ದರೆ ನಿಮಗೆ ಗೊತ್ತಿಲ್ಲದೆಯೇ ಈ ಬೀಗ ಬಿದ್ದಿರಬಹುದು. ಆ ಖಾತೆಯ ತಾಣದಲ್ಲಿ ಡಿವೈಸ್ ಭಾಗಕ್ಕೆ ಹೋಗಿ ಕೀಯನ್ನು ಕಾಗದದಲ್ಲಿ ಬರೆದಿಡಿ, ನಂತರ ಬಿಟ್‌ಲಾಕರನ್ನು ಸಸ್ಪೆಂಡ್ ಮಾಡಿ. ಇನ್ನೊಂದು, ಟಿಪಿಎಂ ‘ಕ್ಲಿಯರ್’ ಮಾಡಲೇ ಎಂದು ಕೇಳಿದರೆ ಬೇಡ ಅನ್ನಿ.

ಕರಾವಳಿಯ ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಪದೇ ಪದೇ ಎದುರಾಗುವ ಸಂಗತಿ ಇದು: ಬಯೋಸ್‌ನಲ್ಲಿ ಟಿಪಿಎಂ ಆನ್ ಮಾಡಿದರೂ ಮರುದಿನ ಬೆಳಿಗ್ಗೆ ಮತ್ತೆ ಆಫ್. ಕಾರಣ ಬೋರ್ಡಿನ ಮೇಲಿನ ಸಿಆರ್2032 ಬಟನ್ ಸೆಲ್ ಸತ್ತಿರುವುದು. ರಾತ್ರಿ ಮೈನ್ ಸ್ವಿಚ್ ಆಫ್ ಮಾಡಿ ಹೋಗುವ ಅಂಗಡಿಗಳಲ್ಲಿ ಇದು ಬೇಗ ಗೊತ್ತಾಗುತ್ತದೆ, ಗಡಿಯಾರವೂ ಹಿಂದಿನ ಯಾವುದೋ ವರ್ಷ ತೋರಿಸುತ್ತಿರುತ್ತದೆ. ಮೂರು ವೋಲ್ಟಿನ ಆ ಸೆಲ್ ಬದಲಿಸಿ, ನಂತರವೇ ಬಾಕಿ ಕೆಲಸ. ಹೇಗೂ ಕ್ಯಾಬಿನೆಟ್ ತೆರೆದಿದ್ದೀರಿ, ಮೆಮೊರಿ ಪಟ್ಟಿಯನ್ನು ತೆಗೆದು ಅದರ ಚಿನ್ನದ ಬಣ್ಣದ ಅಂಚನ್ನು ಬಿಳಿ ರಬ್ಬರಿನಿಂದ ಉಜ್ಜಿ ಹಾಕಿ. ಉಪ್ಪು ಬೆರೆತ ತೇವದ ಗಾಳಿಗೆ ಅಲ್ಲಿ ಕಿಲುಬು ಕೂತು, ಅನುಸ್ಥಾಪನೆ ಅರ್ಧಕ್ಕೆ ನಿಲ್ಲುವುದುಂಟು.

ನಾಲ್ಕನೆಯದು ಸೆಕ್ಯೂರ್ ಬೂಟ್, ಅಂದರೆ ಕಂಪ್ಯೂಟರ್ ಶುರುವಾಗುವಾಗ ನಂಬಲರ್ಹ ತಂತ್ರಾಂಶಕ್ಕೆ ಮಾತ್ರ ಅವಕಾಶ ಕೊಡುವ ವ್ಯವಸ್ಥೆ. ಡಿಸ್ಕ್, ಅದನ್ನು ಭಾಗ ಮಾಡುವ ಹಳೆಯ ಎಂಬಿಆರ್ ವಿಧಾನದಲ್ಲಿದ್ದು, ನೀವು ಬಯೋಸ್‌ನಲ್ಲಿ ಲೆಗಸಿ ಅಥವಾ ಸಿಎಸ್‌ಎಂ (ಹಳೆಯ ರೀತಿಯಲ್ಲಿ ಕಂಪ್ಯೂಟರ್ ಶುರು ಮಾಡುವ ಆಯ್ಕೆ) ಅನ್ನು ಆಫ್ ಮಾಡಿದರೆ ‘ಬೂಟ್ ಡಿವೈಸ್ ಇಲ್ಲ’ ಎಂದು ಪರದೆ ಕಪ್ಪಾಗುತ್ತದೆ. ಡೇಟಾ ಹೋಗಿಲ್ಲ, ಸಿಎಸ್‌ಎಂ ಮತ್ತೆ ಆನ್ ಮಾಡಿದರೆ ವಿಂಡೋಸ್ ಬರುತ್ತದೆ. ಸರಿಯಾದ ಕ್ರಮವೆಂದರೆ ಮೊದಲು ವಿಂಡೋಸ್‌ನ ಒಳಗೇ ಇರುವ ಎಂಬಿಆರ್2ಜಿಪಿಟಿ ಎಂಬ ಆದೇಶದಿಂದ ಡಿಸ್ಕನ್ನು ಜಿಪಿಟಿ ಎಂಬ ಹೊಸ ವಿಧಾನಕ್ಕೆ ಪರಿವರ್ತಿಸಿ, ಆಮೇಲೆ ಬಯೋಸನ್ನು ಯುಇಎಫ್‌ಐ ಎಂಬ ಹೊಸ ರೀತಿಗೆ ತರುವುದು. ಮೊದಲು ವ್ಯಾಲಿಡೇಟ್ ಆಯ್ಕೆಯಲ್ಲಿ ಓಡಿಸಿ ನೋಡಿ. ಡಿಸ್ಕ್‌ನಲ್ಲಿ ಮೂರಕ್ಕಿಂತ ಹೆಚ್ಚು ಪ್ರೈಮರಿ ಭಾಗಗಳಿದ್ದರೆ ಅದು ಒಪ್ಪುವುದಿಲ್ಲ. ಪೂರ್ತಿ ಬ್ಯಾಕಪ್ ಇಲ್ಲದೆ ಈ ಆದೇಶ ಕೊಡಬೇಡಿ.

ಟೋಕನ್, ಪ್ರಿಂಟರ್, ಹಳೆಯ ತಂತ್ರಾಂಶ

ಒಂದು ಹಾಳೆ ತೆಗೆದುಕೊಂಡು ಕಂಪ್ಯೂಟರಿಗೆ ಚುಚ್ಚಿದ ಪ್ರತಿಯೊಂದು ವಸ್ತುವಿನ ಹೆಸರು, ಮಾದರಿ ಸಂಖ್ಯೆ ಬರೆಯಿರಿ. ಗ್ರಾಮ ಒನ್ ಕೇಂದ್ರದ ಬೆರಳಚ್ಚು ಸಾಧನ, ತೂಕದ ಯಂತ್ರದ ತಂತಿ, ಬಾರ್‌ಕೋಡ್ ಓದುವ ಗನ್, ಯಾವುದನ್ನೂ ಬಿಡಬೇಡಿ. ಪ್ರತಿಯೊಂದಕ್ಕೂ ತಯಾರಕರ ತಾಣದಲ್ಲಿ ವಿಂಡೋಸ್ 11ರ 64-ಬಿಟ್ ಡ್ರೈವರ್ (ಆ ವಸ್ತುವನ್ನು ವಿಂಡೋಸ್ ನಡೆಸಲು ಬೇಕಾದ ತಂತ್ರಾಂಶ) ಇದೆಯೇ ನೋಡಿ, ಇದ್ದರೆ ಈಗಲೇ ಇಳಿಸಿ ಪೆನ್‌ಡ್ರೈವಿನಲ್ಲಿಡಿ. ವಿಂಡೋಸ್ 11ಕ್ಕೆ 32-ಬಿಟ್ ಆವೃತ್ತಿಯೇ ಇಲ್ಲ. ನಿಮ್ಮದು 32-ಬಿಟ್ ವಿಂಡೋಸ್ 10 ಆಗಿದ್ದರೆ ಇದ್ದುದರ ಮೇಲೆ ಹಾಕಲು ಬರುವುದಿಲ್ಲ, ಡಿಸ್ಕ್ ಒರೆಸಿ ಹೊಸದಾಗಿಯೇ ಹಾಕಬೇಕು.

ಈ 32-ಬಿಟ್‌ನ ಪ್ರಶ್ನೆ ಕೆಲವು ಸಹಕಾರಿ ಸಂಘಗಳಿಗೆ, ಹಳೆಯ ಅಡಿಕೆ ಮಂಡಿಗಳಿಗೆ ದೊಡ್ಡದು. ಡಾಸ್ ಕಾಲದ ಫಾಕ್ಸ್‌ಪ್ರೊ ಲೆಕ್ಕದ ತಂತ್ರಾಂಶ 32-ಬಿಟ್ ವಿಂಡೋಸ್‌ನಲ್ಲಿ ನಡೆಯುತ್ತಿತ್ತು, 64-ಬಿಟ್‌ನಲ್ಲಿ ನೇರವಾಗಿ ನಡೆಯುವುದಿಲ್ಲ. ಡಾಸ್‌ಬಾಕ್ಸ್‌ನಂಥ ಅನುಕರಣ ತಂತ್ರಾಂಶದೊಳಗೆ ಅದನ್ನು ಓಡಿಸಿ, ಮುದ್ರಣದವರೆಗೂ ಪರೀಕ್ಷಿಸಿ. ಪರದೆಯ ಮೇಲೆ ಓಡಿತೆಂದು ಖುಷಿಪಟ್ಟು ಮುದ್ರಣ ನೋಡದೆ ಮುಂದುವರಿದವರು ವಾಪಸು ಬಂದಿದ್ದಾರೆ.

ಡಿಜಿಟಲ್ ಸಹಿಯ ಟೋಕನ್ ವಿಷಯದಲ್ಲಿ ನೆಮ್ಮದಿಯ ಮಾತು: ಪ್ರಮಾಣಪತ್ರ ಇರುವುದು ಟೋಕನ್‌ನ ಒಳಗೆ, ಕಂಪ್ಯೂಟರಿನಲ್ಲಲ್ಲ. ಕಂಪ್ಯೂಟರ್ ಪೂರ್ತಿ ಒರೆಸಿದರೂ ಸಹಿ ಹೋಗುವುದಿಲ್ಲ, ಡ್ರೈವರ್ ಮತ್ತೆ ಹಾಕಿದರಾಯಿತು. ಆದರೆ ಪಾಸ್‌ವರ್ಡ್ ಮರೆತು ಸುಮ್ಮನೆ ಒಂದೊಂದೇ ಹೊಡೆದು ನೋಡಿದರೆ ಟೋಕನ್ ಲಾಕ್ ಆಗುತ್ತದೆ. ಅದರ ತಂತ್ರಾಂಶದಲ್ಲಿ ‘ಇನಿಶಿಯಲೈಸ್’ ಎಂಬ ಗುಂಡಿ ಕಂಡರೆ ಒತ್ತಲೇಬಾರದು. ಒತ್ತಿದರೆ ಪ್ರಮಾಣಪತ್ರ ಅಳಿಸಿಹೋಗಿ ಹೊಸದನ್ನು ಕೊಳ್ಳಬೇಕಾಗುತ್ತದೆ.

ಹಳೆಯ ಡ್ರೈವರ್ ಕೈಕೊಡುತ್ತದೆಯೇ ಎಂದು ವಿಂಡೋಸ್ 10ರಲ್ಲಿ ಇರುವಾಗಲೇ ತಿಳಿಯಲು ಒಂದು ದಾರಿ ಇದೆ. ವಿಂಡೋಸ್ ಸೆಕ್ಯುರಿಟಿ, ಡಿವೈಸ್ ಸೆಕ್ಯುರಿಟಿ, ಕೋರ್ ಐಸೊಲೇಶನ್ ತೆರೆದು ‘ಮೆಮೊರಿ ಇಂಟಿಗ್ರಿಟಿ’ ಆನ್ ಮಾಡಲು ನೋಡಿ. ಹೊಂದದ ಡ್ರೈವರ್‌ಗಳಿದ್ದರೆ ಅವುಗಳ ಹೆಸರನ್ನೇ ಪಟ್ಟಿ ಮಾಡಿ ಕೊಡುತ್ತದೆ. ಆ ಪಟ್ಟಿಯಲ್ಲಿ ನಿಮ್ಮ ಟೋಕನ್ ಅಥವಾ ಪ್ರಿಂಟರ್ ಇದ್ದರೆ ಹೊಸ ಡ್ರೈವರ್ ಸಿಗುವವರೆಗೆ ತಡೆಯಿರಿ.

ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇರುವ ಸೊಸೈಟಿ, ದೇವಸ್ಥಾನದ ಸೇವಾ ಕೌಂಟರುಗಳು ಕಾಗದದ ಅಳತೆಯನ್ನು ಬರೆದಿಟ್ಟುಕೊಳ್ಳಿ. ಅರ್ಧ ಕಾಗದದ ರಶೀದಿಗೆ ಯಾರೋ ಎಂದೋ 10 ಇಂಚು ಅಗಲ, 6 ಇಂಚು ಉದ್ದದ ‘ಫಾರ್ಮ್’ ಒಂದನ್ನು ಪ್ರಿಂಟ್ ಸರ್ವರ್ ಪ್ರಾಪರ್ಟೀಸ್‌ನಲ್ಲಿ ಮಾಡಿಟ್ಟಿರುತ್ತಾರೆ. ಹೊಸದಾಗಿ ವಿಂಡೋಸ್ ಹಾಕಿದಾಗ ಅದು ಇರುವುದಿಲ್ಲ. ಮೊದಲು ಹೇಳಿದಂತೆ ರಶೀದಿಯ ಬೆನ್ನಿಗೆ ಖಾಲಿ ಕಾಗದ ಹೊರಗೆ ಬರುವುದು ಇದರಿಂದಲೇ, ಪ್ರಿಂಟರ್ ಕೆಟ್ಟಿದ್ದಲ್ಲ. ‘ಜೆನೆರಿಕ್ ಟೆಕ್ಸ್ಟ್ ಓನ್ಲಿ’ ಡ್ರೈವರ್ ಹಾಕಿದರೆ ಇಂಗ್ಲಿಷ್ ಬಿಲ್ಲು ಬರುತ್ತದೆ, ಕನ್ನಡ ಬರುವುದಿಲ್ಲ. ಭಕ್ತರ ಹೆಸರು, ನಕ್ಷತ್ರ ಕನ್ನಡದಲ್ಲಿ ಬರಬೇಕಾದರೆ ಪ್ರಿಂಟರಿನದೇ ಗ್ರಾಫಿಕ್ ಡ್ರೈವರ್ ಬೇಕು.

ಎರಡು ಮೂರು ಕಂಪ್ಯೂಟರ್‌ಗಳ ನಡುವೆ ಪಾಸ್‌ವರ್ಡ್ ಇಲ್ಲದೆ ಫೋಲ್ಡರ್ ಹಂಚಿಕೊಂಡಿರುವವರು, ಜೆರಾಕ್ಸ್ ಯಂತ್ರದಿಂದ ನೇರವಾಗಿ ಕಂಪ್ಯೂಟರಿಗೆ ಸ್ಕ್ಯಾನ್ ಕಳಿಸುವವರು ಗಮನಿಸಿ. ವಿಂಡೋಸ್ 11ರ 24ಎಚ್2 (2024ರಲ್ಲಿ ಬಂದ ದೊಡ್ಡ ಅಪ್‌ಡೇಟ್) ಬಂದಂದಿನಿಂದ ಪ್ರೊ ಆವೃತ್ತಿಯಲ್ಲಿ ಪಾಸ್‌ವರ್ಡ್ ಇಲ್ಲದೆ ಅತಿಥಿಯಾಗಿ ಒಳಬರುವುದನ್ನು ತಡೆದಿದ್ದಾರೆ. ಪ್ರತಿ ಕಂಪ್ಯೂಟರಿನಲ್ಲೂ ಪಾಸ್‌ವರ್ಡ್ ಇರುವ ಒಂದು ಬಳಕೆದಾರ ಹೆಸರು ಮಾಡಿ, ಜೆರಾಕ್ಸ್ ಯಂತ್ರದ ವಿಳಾಸ ಪುಸ್ತಕದಲ್ಲೂ ಅದನ್ನೇ ಕೊಡಿ. ಸೆಟ್ಟಿಂಗ್ ಬದಲಿಸಿ ಹಳೆಯ ಹಾದಿ ತೆರೆಸುವ ಉಪಾಯಗಳಿವೆ, ಆದರೆ ಪಾಸ್‌ವರ್ಡ್ ಕೊಡುವುದೇ ಲೇಸು.

ನುಡಿ ಮತ್ತು ಫಾಂಟುಗಳು

ಮಂಗಳೂರು, ಉಡುಪಿಯ ಡಿಟಿಪಿಯವರಲ್ಲಿ ಹತ್ತಿಪ್ಪತ್ತು ವರ್ಷಗಳ ಯಕ್ಷಗಾನ ಕರಪತ್ರ, ಮದುವೆ ಕಾಗದ, ಸ್ಮರಣ ಸಂಚಿಕೆಗಳು ಯೂನಿಕೋಡ್ ಅಲ್ಲದ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಬಿದ್ದಿವೆ. ಈ ಫೈಲ್‌ಗಳಲ್ಲಿ ಇರುವುದು ನಿಜಕ್ಕೂ ಇಂಗ್ಲಿಷ್ ಸಂಕೇತಗಳೇ, ಕನ್ನಡದ ರೂಪ ಕೊಡುವುದು ಆ ಫಾಂಟು. ಫಾಂಟು ಇಲ್ಲದಿದ್ದರೆ ಕನ್ನಡವೂ ಇಲ್ಲ. ಆದ್ದರಿಂದ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರಿನಿಂದ ಕನ್ನಡದ ಎಲ್ಲ ಫಾಂಟುಗಳನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿ. ತಂತ್ರಾಂಶದ ಸಿಡಿ ಇದೆ ಎಂದು ನಂಬಿ ಕೂರಬೇಡಿ, ಬೂಸ್ಟು ಹಿಡಿದ ಸಿಡಿ ಓದುವುದಿಲ್ಲ.

ಮತ್ತೆ ಹಾಕುವಾಗ ಒಂದು ಸೂಕ್ಷ್ಮವಿದೆ. ಈಗಿನ ವಿಂಡೋಸ್‌ಗಳಲ್ಲಿ ಫಾಂಟಿನ ಮೇಲೆ ಎರಡು ಸಲ ಒತ್ತಿ ಇನ್‌ಸ್ಟಾಲ್ ಎಂದರೆ ಅದು ಆ ಒಬ್ಬ ಬಳಕೆದಾರನ ಫೋಲ್ಡರಿಗೆ ಹೋಗುತ್ತದೆ. ಪುಟ ವಿನ್ಯಾಸದ ಪೇಜ್‌ಮೇಕರ್‌ನಂಥ ಹಳೆಯ ತಂತ್ರಾಂಶಗಳು ಅಲ್ಲಿ ಹುಡುಕದೇ ಇರಬಹುದು. ಫಾಂಟಿನ ಮೇಲೆ ಬಲ ಗುಂಡಿ ಒತ್ತಿ ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ ಆರಿಸಿ. ‘ಫಾಂಟ್ ಹಾಕಿದ್ದೇನೆ, ಪಟ್ಟಿಯಲ್ಲಿ ಬರುತ್ತಿಲ್ಲ’ ಎಂಬ ದೂರಿಗೆ ಮೊದಲು ನೋಡಬೇಕಾದ ಜಾಗ ಇದೇ.

ತುಂಗಾ ಫಾಂಟಿನಲ್ಲಿ ಮಾಡಿದ ಕಡತಗಳಿದ್ದರೆ, ಹೊಸ ಅನುಸ್ಥಾಪನೆಯಲ್ಲಿ ಅದು ತಾನಾಗಿ ಇರುವುದಿಲ್ಲ. ಆಪ್ಷನಲ್ ಫೀಚರ್ಸ್‌ಗೆ ಹೋಗಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಸೇರಿಸಿ. ಯೂನಿಕೋಡ್‌ನಲ್ಲಿ ಟೈಪ್ ಮಾಡುವವರಿಗೆ ವಿಂಡೋಸ್‌ನದೇ ಕನ್ನಡ ಫೊನೆಟಿಕ್ ಕೀಲಿಮಣೆ 10ರ 2019ರ ಮೇ ಆವೃತ್ತಿಯಿಂದಲೇ ಇದೆ, 11ರಲ್ಲೂ ಇದೆ. ನುಡಿಯ ಕೆ.ಪಿ. ರಾವ್ ವಿನ್ಯಾಸಕ್ಕೆ ಕೈ ಪಳಗಿದವರು ನುಡಿಯನ್ನೇ ಹಾಕಿಕೊಳ್ಳಬೇಕು.

ಅರ್ಹತೆ ಇಲ್ಲದ ಯಂತ್ರ

ಟಿಪಿಎಂ, ಪ್ರೊಸೆಸರ್ ಪರೀಕ್ಷೆ ದಾಟಿಸಿ ಹಾಕಿಕೊಡುತ್ತೇವೆ ಎನ್ನುವವರು ಮಂಗಳೂರಿನ ಹಂಪನಕಟ್ಟೆಯಲ್ಲೂ ಸಿಗುತ್ತಾರೆ, ಯೂಟ್ಯೂಬ್‌ನಲ್ಲೂ ಸಿಗುತ್ತಾರೆ. ಹಾಕಬಹುದು, ಓಡುತ್ತದೆ ಕೂಡ. ಆದರೆ ಅಂಥ ಯಂತ್ರಕ್ಕೆ ಅಪ್‌ಡೇಟ್ ಕೊಡುವ ಹೊಣೆ ಕಂಪನಿಗಿಲ್ಲ, ವಾರ್ಷಿಕ ದೊಡ್ಡ ಆವೃತ್ತಿಗಳು ತಾವಾಗಿ ಬರುವುದಿಲ್ಲ. 24ಎಚ್2 ಬಂದಾಗ ತೀರಾ ಹಳೆಯ ಕೆಲವು ಪ್ರೊಸೆಸರ್‌ಗಳಲ್ಲಿ ವಿಂಡೋಸ್ 11 ತೆರೆಯುವುದೇ ನಿಂತಿತು. ಮನೆಯಲ್ಲಿ ಕಲಿಯಲು ಮಾಡಿ, ಕೌಂಟರಿನ ಯಂತ್ರಕ್ಕೆ ಬೇಡ.

ಮನೆಯ ಕಂಪ್ಯೂಟರ್ ಆದರೆ ಇಎಸ್‌ಯುಗೆ ಸೇರಿ. ವಿಂಡೋಸ್ 10ರ 22ಎಚ್2 ಆವೃತ್ತಿ ಇರಬೇಕು, ಮೈಕ್ರೋಸಾಫ್ಟ್ ಖಾತೆ ಬೇಕು. ಅಪ್‌ಡೇಟ್ ಪುಟದಲ್ಲೇ ‘ಎನ್‌ರೋಲ್’ ಕೊಂಡಿ ಇರುತ್ತದೆ. ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ದುಡ್ಡಿಲ್ಲ, ಇಲ್ಲವಾದರೆ 30 ಡಾಲರ್ ಅಥವಾ 1000 ರಿವಾರ್ಡ್ಸ್ ಅಂಕ. ಸಂಸ್ಥೆಗಳಿಗೆ ಬೇರೆ ದರ: ಮೊದಲ ವರ್ಷಕ್ಕೆ ಯಂತ್ರವೊಂದಕ್ಕೆ 61 ಡಾಲರ್, ನಂತರ ಪ್ರತಿ ವರ್ಷ ಇಮ್ಮಡಿ. ಏಳು ವರ್ಷ ಹಳೆಯ ಯಂತ್ರಕ್ಕೆ ಎರಡನೇ ವರ್ಷದ ಆ ದುಡ್ಡು ಸುರಿಯುವ ಬದಲು ಹೊಸ ಯಂತ್ರಕ್ಕೆ ಕೂಡಿಡುವುದು ಉತ್ತಮ. ಹೊಸ ಲ್ಯಾಪ್‌ಟಾಪ್ ಕೊಳ್ಳುವವರು ಸ್ನಾಪ್‌ಡ್ರಾಗನ್ ಪ್ರೊಸೆಸರಿನದನ್ನು ಟೋಕನ್, ಹಳೆಯ ಪ್ರಿಂಟರ್ ಜೋಡಿಸಿ ನೋಡದೆ ಕೊಳ್ಳಬೇಡಿ. ಅದಕ್ಕೆ ಬೇರೆಯದೇ ಡ್ರೈವರ್ ಬೇಕು.

ಬ್ರೌಸರ್, ಇ-ಮೇಲ್, ಪತ್ರ ಬರೆಯುವುದಷ್ಟೇ ಕೆಲಸವಾದರೆ ಲಿನಕ್ಸ್ ಮಿಂಟ್ 22 ಹಾಕಿ. 2029ರ ಏಪ್ರಿಲ್‌ವರೆಗೆ ಅಪ್‌ಡೇಟ್ ಇದೆ, ಯೂನಿಕೋಡ್ ಕನ್ನಡ ಸರಿಯಾಗಿ ಬರುತ್ತದೆ. ಟ್ಯಾಲಿ, ಪೇಜ್‌ಮೇಕರ್ ಬೇಕಾದವರಿಗೆ ಇದು ದಾರಿಯಲ್ಲ.

ಯಾವಾಗ ಹಾಕುವುದು

ವ್ಯಾಪಾರಿಗಳಿಗೆ, ಲೆಕ್ಕಪತ್ರದವರಿಗೆ ತಿಂಗಳ 20ರ ನಂತರದ ಶನಿವಾರ ಸಂಜೆ. ಪ್ರತಿ ತಿಂಗಳು ಲೆಕ್ಕ ಸಲ್ಲಿಸುವವರಿಗೆ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ಇರುತ್ತದೆ, ಅದರ ಮಧ್ಯೆ ಟೋಕನ್ ಕೈಕೊಟ್ಟರೆ ದಂಡ. ಮಾರ್ಚ್ ಮತ್ತು ಸೆಪ್ಟೆಂಬರ್ ಪೂರ್ತಿ ಬಿಡಿ. ಪ್ರೆಸ್ಸಿನವರಿಗೆ ಪತ್ತನಾಜೆ (ಕರಾವಳಿಯಲ್ಲಿ ಜಾತ್ರೆ, ಯಕ್ಷಗಾನಗಳ ಋತು ಮುಗಿಯುವ ದಿನ) ಕಳೆದ ಮೇಲೆ, ಅಂದರೆ ಮೇ ಕೊನೆಯಲ್ಲಿ ಬಿಡುವು ಸಿಗುತ್ತದೆ. ತೊಂದರೆ ಏನೆಂದರೆ ಮುಂಗಾರು ಮುಂಚಿನ ಸಿಡಿಲೂ, ಆಮೇಲಿನ ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋಗುವುದೂ ಅದೇ ಹೊತ್ತಿಗೆ. ಸಾಮಾನ್ಯ 600 ವಿಎ ಯುಪಿಎಸ್ ಕಂಪ್ಯೂಟರನ್ನು ಆಫ್ ಮಾಡಲು ಸಾಕಾಗುವಷ್ಟು ನಿಮಿಷ ಕೊಡುತ್ತದೆ, ಎರಡು ಗಂಟೆಯ ಕೆಲಸಕ್ಕೆ ಸಾಲದು. ಯುಪಿಎಸ್ಸನ್ನು ಮನೆಯ ಇನ್ವರ್ಟರ್ ಸಾಲಿಗೆ ಜೋಡಿಸಿ, ಮೆಸ್ಕಾಂನ ನಿಲುಗಡೆ ಪ್ರಕಟಣೆ ಪತ್ರಿಕೆಯಲ್ಲಿ ನೋಡಿ, ಈ ಕಾಲದಲ್ಲಾದರೆ ಸಂಜೆಯ ಬದಲು ಬೆಳಿಗ್ಗೆ ಆರಂಭಿಸಿ. ನಡುವೆ ಕರೆಂಟು ಹೋದರೆ ವಿಂಡೋಸ್ ಹೆಚ್ಚಾಗಿ ಹಿಂದಕ್ಕೆ ಮರಳುತ್ತದೆ. ಆದರೆ ಬಯೋಸ್ ಅಪ್‌ಡೇಟ್ ನಡುವೆ ಹೋದರೆ ಮದರ್‌ಬೋರ್ಡೇ ಏಳದಿರಬಹುದು.

ಹಾಕುವ ದಿನ

ಒಂದೇ ಕಂಪ್ಯೂಟರಿನಲ್ಲಿ ವ್ಯವಹಾರ ನಡೆಸುವವರಿಗೆ ನಮ್ಮ ಸಲಹೆ ಇದು: ಹಳೆಯ ಡಿಸ್ಕಿನ ಮೇಲೆ ಹಾಕಲೇಬೇಡಿ. ಹೊಸ ಎಸ್‌ಎಸ್‌ಡಿ ತಂದು, ಹಳೆಯದನ್ನು ಬಿಚ್ಚಿ ಪಕ್ಕಕ್ಕಿಟ್ಟು, ಹೊಸದರಲ್ಲಿ ವಿಂಡೋಸ್ 11 ಹಾಕಿ. ಅಸಲಿ ವಿಂಡೋಸ್ 10ರ ಡಿಜಿಟಲ್ ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿರುವುದರಿಂದ ಅದೇ ಆವೃತ್ತಿ, ಹೋಮ್ ಆದರೆ ಹೋಮ್, ಪ್ರೊ ಆದರೆ ಪ್ರೊ, ಹಾಕಿದರೆ ಕೀ ಕೇಳದೆ ಆಕ್ಟಿವೇಟ್ ಆಗುತ್ತದೆ. ಕ್ರ್ಯಾಕ್ ಮಾಡಿದ್ದಾದರೆ ಈ ಸೌಲಭ್ಯವಿಲ್ಲ. ಏನೇ ಎಡವಟ್ಟಾದರೂ ಹಳೆಯ ಡಿಸ್ಕ್ ಮತ್ತೆ ಜೋಡಿಸಿದರೆ ಹತ್ತು ನಿಮಿಷದಲ್ಲಿ ಕೌಂಟರ್ ಶುರು. ಬಿಚ್ಚುವ ಮುಂಚೆ ಟ್ಯಾಲಿಯ ಡೇಟಾ ಬ್ಯಾಕಪ್ ತೆಗೆದು, ಲೈಸೆನ್ಸ್ ಸರೆಂಡರ್ ಮಾಡಿ. ಇಲ್ಲದಿದ್ದರೆ ಹೊಸದರಲ್ಲಿ ಆಕ್ಟಿವೇಟ್ ಆಗದೆ ತೊಡಕಾಗಬಹುದು.

ಇದ್ದುದರ ಮೇಲೆಯೇ ಹಾಕುವವರು ಸಿ ಡ್ರೈವಿನಲ್ಲಿ 30 ಜಿಬಿ ಖಾಲಿ ಮಾಡಿ, ಮೌಸ್, ಕೀಬೋರ್ಡ್ ಬಿಟ್ಟು ಉಳಿದ ಯುಎಸ್‌ಬಿ ವಸ್ತುಗಳನ್ನೆಲ್ಲ ಕಳಚಿ, ಬೇರೆ ಆ್ಯಂಟಿವೈರಸ್ ಇದ್ದರೆ ತೆಗೆದು, ಇನ್‌ಸ್ಟಾಲೇಶನ್ ಅಸಿಸ್ಟೆಂಟ್ ಓಡಿಸಿ. ಹಲವು ಜಿಬಿ ಇಳಿಯಬೇಕಾದ್ದರಿಂದ ಮೊಬೈಲ್ ಹಾಟ್‌ಸ್ಪಾಟ್‌ನ ದಿನದ ಪ್ಯಾಕ್ ಸಾಲುವುದಿಲ್ಲ.

ಮುಗಿದ ಮೇಲೆ ಮೊದಲು ನೋಡಬೇಕಾದದ್ದು ಒನ್‌ಡ್ರೈವ್. ಅದು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರ್‌ಗಳನ್ನು ತನ್ನೊಳಗೆ ಸೆಳೆದುಕೊಂಡಿರಬಹುದು. ಉಚಿತ ಜಾಗ 5 ಜಿಬಿ ಮಾತ್ರ, ತುಂಬಿದ ಕೂಡಲೇ ಎಚ್ಚರಿಕೆಗಳು ಶುರು. ಬೇಡವಾದರೆ ಅದರ ಸೆಟ್ಟಿಂಗ್ಸ್‌ನಲ್ಲಿ ಫೋಲ್ಡರ್ ಬ್ಯಾಕಪ್ ನಿಲ್ಲಿಸಿ, ಫೈಲುಗಳು ಹಿಂದಿನ ಜಾಗಕ್ಕೆ ಬಂದಿವೆಯೇ ಎಂದು ಕಣ್ಣಾರೆ ನೋಡಿ, ಆಮೇಲೆ ಮಾತ್ರ ಒನ್‌ಡ್ರೈವ್‌ನಲ್ಲಿರುವುದನ್ನು ಅಳಿಸಿ. ನಂತರ ನಿಮ್ಮ ಹಾಳೆಯ ಪಟ್ಟಿ ಹಿಡಿದು ಒಂದೊಂದೇ ವಸ್ತು ಜೋಡಿಸಿ, ಒಂದು ಬಿಲ್ಲು, ಒಂದು ಸಹಿ, ಒಂದು ಹಳೆಯ ಆಮಂತ್ರಣ, ಒಂದು ಸ್ಕ್ಯಾನ್ ಮಾಡಿ ನೋಡಿ.

ಹಿಂದಕ್ಕೆ ಹೋಗಲು ‘ಗೋ ಬ್ಯಾಕ್’ ಗುಂಡಿ ಇರುವುದು ಹತ್ತು ದಿನ ಮಾತ್ರ. ಆ ಅವಧಿಯಲ್ಲಿ ಡಿಸ್ಕ್ ಕ್ಲೀನಪ್ ಓಡಿಸಿ ವಿಂಡೋಸ್ ಓಲ್ಡ್ ಫೋಲ್ಡರ್ ಅಳಿಸಿದರೆ ಗುಂಡಿಯೂ ಹೋಗುತ್ತದೆ. ಡಿಸ್ಕ್ ಬದಲಿಸಿದವರಿಗೆ ಈ ಗಡುವಿಲ್ಲ. ಬಿಚ್ಚಿದ ಹಳೆಯ ಡಿಸ್ಕಿಗೆ ದಿನಾಂಕ ಬರೆದ ಚೀಟಿ ಅಂಟಿಸಿ, ಮುಂದಿನ ಆಡಿಟ್ ಮುಗಿಯುವವರೆಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಎರಡು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಮೇಜಿನ ಖಾನೆಯಲ್ಲಿ ಹಾಗೇ ಬಿಟ್ಟರೆ ಮಳೆಗಾಲದ ಒಂದು ಆಟಿ ತಿಂಗಳು ಕಳೆಯುವಷ್ಟರಲ್ಲಿ ಅದರ ಕನೆಕ್ಟರಿಗೂ ಕಿಲುಬು ಹಿಡಿಯಬಹುದು.